ಹಳೆಯ ಕಟ್ಟಡದ ಬಾಡಿಗೆ ಮನೆಯ ಒಳಾಂಗಣ ನವೀಕರಣ

ಹಳೆಯ ಕಟ್ಟಡದ ಬಾಡಿಗೆ ಮನೆಯ ಒಳಾಂಗಣ ನವೀಕರಣ ಎಂದರೆ ಮೂಲ ರಚನೆಗೆ ಧಕ್ಕೆ ತರದೆ ಒಳಭಾಗವನ್ನು ವಾಸಯೋಗ್ಯಗೊಳಿಸುವ ಕಾರ್ಯ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಹಳೆಯ ಮನೆಗಳಲ್ಲಿ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಪಕಾಸು-ರೀಪು ಹಾಗೂ ಹಂಚಿನ ಮಾಡು ಸಾಮಾನ್ಯ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯಲ್ಲಿ ಮಂಗಳೂರು ಹಂಚಿನ ಬಳಕೆ ಹರಡಿತು.

ಗೋಡೆ ಮತ್ತು ತೇವಾಂಶ

ಮುರಕಲ್ಲು ರಂಧ್ರಮಯವಾದುದರಿಂದ ಮಳೆಗಾಲದಲ್ಲಿ ನೀರನ್ನು ಹೀರುತ್ತದೆ. ಸುಣ್ಣದ ಗಾರೆಯ ಮೂಲಕ ಆ ತೇವವು ಆವಿಯಾಗಿ ಹೊರಹೋಗುತ್ತದೆ. ಸಿಮೆಂಟ್ ಗಾರೆ ಅಥವಾ ಪ್ಲಾಸ್ಟಿಕ್ ಬಣ್ಣವು ಅದನ್ನು ಒಳಗೇ ತಡೆಯುವುದರಿಂದ ಗಾರೆ ಉಬ್ಬಿ ಉದುರುತ್ತದೆ. ಗೋಡೆಯಲ್ಲಿ ಹುದುಗಿದ ಮರದ ತುದಿಗಳು ಕೊಳೆಯುತ್ತವೆ. ಆದ್ದರಿಂದ ಮೊದಲು ಒಡೆದ ಹಂಚು ಬದಲಿಸಿ ಸೋರಿಕೆ ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಸುಣ್ಣ ಬಳಿಯುವುದು ಸೂಕ್ತ.

ಕಾನೂನು

1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಕಲಂ 108ರಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಬಾಡಿಗೆದಾರನು ಮಾಲೀಕನ ಒಪ್ಪಿಗೆಯಿಲ್ಲದೆ ವಾಸದ ಮನೆಯಲ್ಲಿ ಶಾಶ್ವತ ರಚನೆ ಕಟ್ಟುವಂತಿಲ್ಲ. ತಾನು ಜೋಡಿಸಿದ ವಸ್ತುಗಳನ್ನು ಮನೆ ಬಿಡುವ ಮೊದಲು ತೆಗೆದೊಯ್ಯಬಹುದು. ಆದರೆ ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲೇ ಬಿಡಬೇಕು. ಮಾಲೀಕನು ತಾನು ಬದ್ಧನಾಗಿರುವ ದುರಸ್ತಿಯನ್ನು ಸೂಚನೆ ಕೊಟ್ಟ ಬಳಿಕವೂ ಯುಕ್ತ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನು ಅದನ್ನು ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.