‘ವಿಶ್ವದ ಶೇ. 2ರ ವಿಜ್ಞಾನಿ’ ಅಂದ್ರೆ ಏನು? ಸಂಶೋಧಕರ ಅಂಕಪಟ್ಟಿ ಓದುವ ಬಗೆ

ವರ್ಷಕ್ಕೊಮ್ಮೆ ಈ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬಂದೇ ಬರುತ್ತದೆ: ‘ಸ್ಟ್ಯಾನ್‌ಫೋರ್ಡ್ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರು’. ಜೊತೆಗೆ ಶಾಲು ಹೊದಿಸಿದ ಫೋಟೋ. ಕೆಳಗೆ ಒಂದಿಷ್ಟು ಅಂಕಿ: ಇಷ್ಟು ಪ್ರಬಂಧ, ಇಷ್ಟು ಸೈಟೇಷನ್, ಎಚ್-ಇಂಡೆಕ್ಸ್ ಇಷ್ಟು. ಅವರು ಕಂಡುಹಿಡಿದದ್ದೇನು ಅನ್ನೋದು ಮಾತ್ರ ಬಹುತೇಕ ಸಲ ಇರಲ್ಲ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು. ಇಂಥ ಪ್ರಕಟಣೆ ಕೈಗೆ ಸಿಕ್ಕಾಗಲೆಲ್ಲ ನಾನು ಮೊದಲು ಹುಡುಕುವುದು ಆ ಒಂದು ವಾಕ್ಯವನ್ನೇ.

ಈ ಅಂಕಿಗಳು ಯಾರದೋ ವೈಯಕ್ತಿಕ ಹೆಮ್ಮೆಯ ವಿಷಯವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಅಧ್ಯಾಪಕರ ನೇಮಕಾತಿ, ಬಡ್ತಿ, ಸಂಶೋಧನಾ ಅನುದಾನ, ಕಾಲೇಜಿನ ರ‍್ಯಾಂಕಿಂಗ್, ಆ ರ‍್ಯಾಂಕಿಂಗ್ ನೋಡಿಕೊಂಡು ನೀವು ಕಟ್ಟುವ ಫೀ ಎಲ್ಲದರಲ್ಲೂ ಇವುಗಳ ಕೈವಾಡ ಇದೆ. ಹಾಗಾಗಿ ಈ ಲೆಕ್ಕ ಅರ್ಥ ಮಾಡಿಕೊಳ್ಳೋದು ವಿಜ್ಞಾನಿಗಳಿಗಷ್ಟೇ ಬಿಟ್ಟ ಕೆಲಸ ಅಲ್ಲ.

ಉಲ್ಲೇಖ ಬೇರೆ, ಮೆಚ್ಚುಗೆ ಬೇರೆ

ಒಂದು ಸಂಶೋಧನಾ ಪ್ರಬಂಧ ತನ್ನ ಆಕರಗಳ ಪಟ್ಟಿಯಲ್ಲಿ ಇನ್ನೊಂದು ಪ್ರಬಂಧವನ್ನು ಹೆಸರಿಸಿದರೆ, ಆ ಇನ್ನೊಂದಕ್ಕೆ ಒಂದು ಸೈಟೇಷನ್ ಸಿಕ್ಕಂತೆ. ಇಷ್ಟೇ. ಇದನ್ನು ವ್ಯವಸ್ಥಿತವಾಗಿ ಎಣಿಸಬಹುದು ಎಂಬ ಐಡಿಯಾವನ್ನು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದವರು ಅಮೆರಿಕದ ಯುಜೀನ್ ಗಾರ್‌ಫೀಲ್ಡ್. 1964ರಲ್ಲಿ ಅವರ ಸಂಸ್ಥೆ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರತಂದಿತು. ಒಂದು ವಿಚಾರ ಎಲ್ಲಿಂದ ಹೊರಟು ಯಾರ್ಯಾರ ಕೈಗೆ ಹೋಯಿತು ಅಂತ ಹುಡುಕಲು ಅದೊಂದು ದಾರಿದೀಪ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಹುಟ್ಟಿದ್ದೂ ಅಲ್ಲೇ. ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಷನ್ ಬಂತು ಅನ್ನೋದು ಅದರ ಲೆಕ್ಕ. ಅದು ಜರ್ನಲ್‌ಗಳನ್ನು ಹೋಲಿಸಲು, ಆರಿಸಲು ಮಾಡಿದ ಅಳತೆ. ಅದರಲ್ಲಿ ಬರೆದ ವ್ಯಕ್ತಿಗೆ ಮಾರ್ಕ್ಸ್ ಕೊಡಲು ಮಾಡಿದ್ದಲ್ಲ.

ಉಲ್ಲೇಖ ಅಂದಮಾತ್ರಕ್ಕೆ ಹೊಗಳಿಕೆ ಅಂತಲೂ ಅಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ತಂಡದ ಪ್ರಬಂಧ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು. ಅದನ್ನು ಹೆಸರಿಸಿದವರಲ್ಲಿ ದೊಡ್ಡ ಪಾಲು ಅದು ತಪ್ಪು ಅಂತ ಹೇಳಲು ಹೆಸರಿಸಿದವರು. ಎಣಿಕೆ ಯಂತ್ರಕ್ಕೆ ಬೈಗುಳವೂ ಒಂದು, ಹೊಗಳಿಕೆಯೂ ಒಂದು.

ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ ಯಾವುದು ಗೊತ್ತಾ? ಸಾಪೇಕ್ಷತೆಯೂ ಅಲ್ಲ, ಡಿಎನ್‌ಎ ರಚನೆಯೂ ಅಲ್ಲ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ ಹೇಳುವ, 1951ರ ಆಲಿವರ್ ಲೌರಿ ತಂಡದ ಪ್ರಬಂಧ. 2014ರಲ್ಲಿ ‘ನೇಚರ್’ ಪತ್ರಿಕೆ ಲೆಕ್ಕ ಹಾಕಿದಾಗ ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಸೈಟೇಷನ್ ಇತ್ತು. ಪ್ರಯೋಗಾಲಯಗಳಲ್ಲಿ ದಿನಾ ಬೇಕಾದ ವಿಧಾನ ಅದು. ಎಷ್ಟು ಜನ ಬಳಸಿದರು ಅಂತ ಅಂಕಿ ಹೇಳುತ್ತೆ, ಎಷ್ಟು ಆಳದ ಯೋಚನೆ ಅಂತ ಹೇಳಲ್ಲ.

ಎಚ್-ಇಂಡೆಕ್ಸ್: ಕೈಯಲ್ಲೇ ಮಾಡಬಹುದಾದ ಲೆಕ್ಕ

2005ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಕ್ಯಾಂಪಸ್‌ನ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಒಂದು ಸರಳ ಸೂತ್ರ ಕೊಟ್ಟರು. ಪ್ರಬಂಧಗಳನ್ನು ಸೈಟೇಷನ್ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿ. ಮೊದಲ 4 ಪ್ರಬಂಧಗಳಿಗೆ ತಲಾ ಕನಿಷ್ಠ 4 ಸೈಟೇಷನ್ ಇದ್ದು, ಐದನೆಯದಕ್ಕೆ 5 ಇಲ್ಲದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 4.

ಒಬ್ಬರ ಐದು ಪ್ರಬಂಧಗಳಿಗೆ 40, 18, 7, 4, 1 ಸೈಟೇಷನ್ ಇದೆ ಅಂದುಕೊಳ್ಳಿ. ಎಚ್-ಇಂಡೆಕ್ಸ್ 4. ಇನ್ನೊಬ್ಬರದು 900, 3, 2, 1, 1. ಇವರ ಎಚ್-ಇಂಡೆಕ್ಸ್ ಬರೀ 2. ಒಂದೇ ಪ್ರಬಂಧದಿಂದ ಇಡೀ ಕ್ಷೇತ್ರವನ್ನು ಅಲ್ಲಾಡಿಸಿದ ಎರಡನೆಯವರು ಇಲ್ಲಿ ಸೋತರು. ಗೂಗಲ್ ಸ್ಕಾಲರ್ ತೋರಿಸುವ ‘ಐ10’ ಅಂದರೆ ಕನಿಷ್ಠ 10 ಸೈಟೇಷನ್ ಇರುವ ಪ್ರಬಂಧಗಳ ಸಂಖ್ಯೆ: ಮೊದಲನೆಯವರಿಗೆ 2, ಎರಡನೆಯವರಿಗೆ 1.

ಈ ಸಂಖ್ಯೆಗೆ ಇನ್ನೊಂದು ಗುಣ ಇದೆ: ಅದು ಏರುತ್ತದೆ, ಸಾಮಾನ್ಯವಾಗಿ ಇಳಿಯಲ್ಲ. ಹಾಗಾಗಿ ವಯಸ್ಸಾದವರಿಗೆ ಅನುಕೂಲ, ಹೊಸಬರಿಗೆ ಕಷ್ಟ. ಕ್ಷೇತ್ರದಿಂದ ಕ್ಷೇತ್ರಕ್ಕೂ ಅಜಗಜಾಂತರ. ವೈದ್ಯವಿಜ್ಞಾನದಲ್ಲಿ ಸಾಧಾರಣ ಅನಿಸುವ ಸಂಖ್ಯೆ ಗಣಿತದಲ್ಲಿ ಬಹಳ ದೊಡ್ಡದು. ರನ್ ಎಷ್ಟು ಅಂತಷ್ಟೇ ಹೇಳಿ, ಪಿಚ್ ಹೇಗಿತ್ತು, ಎಷ್ಟು ಓವರ್ ಅಂತ ಹೇಳದಿದ್ದರೆ ಏನು ಗೊತ್ತಾಗುತ್ತೆ?

2020ರಲ್ಲಿ ಸ್ವತಃ ಹಿರ್ಶ್ ಅವರೇ ಈ ಸೂಚ್ಯಂಕ ಕೆಟ್ಟದಾಗಿ ಸೋಲಬಹುದು, ಗಂಭೀರ ಅಡ್ಡಪರಿಣಾಮ ಉಂಟುಮಾಡಬಹುದು ಅಂತ ಬರೆದರು.

ಲೆಕ್ಕಕ್ಕೆ ಸಿಗದ ಹಿಗ್ಸ್

ಎಡಿನ್‌ಬರೋ ವಿಶ್ವವಿದ್ಯಾಲಯದ ಪೀಟರ್ ಹಿಗ್ಸ್ 1964ರಲ್ಲಿ ಬರೆದ ಪ್ರಬಂಧಗಳಿಗೆ 2013ರಲ್ಲಿ ನೊಬೆಲ್ ಬಂತು. ಆ ಸಮಯದಲ್ಲಿ ‘ಗಾರ್ಡಿಯನ್’ ಪತ್ರಿಕೆ ಅವರನ್ನು ಮಾತಾಡಿಸಿತು. 1964ರ ನಂತರ ಅವರು ಪ್ರಕಟಿಸಿದ್ದು ಹತ್ತಕ್ಕಿಂತ ಕಡಿಮೆ ಪ್ರಬಂಧ. ಇತ್ತೀಚಿನ ಪ್ರಕಟಣೆಗಳ ಪಟ್ಟಿ ಕೊಡಿ ಅಂತ ವಿಭಾಗ ಕೇಳಿದಾಗ ‘ಯಾವುದೂ ಇಲ್ಲ’ ಅಂತ ಉತ್ತರ ಕೊಡ್ತಿದ್ದರಂತೆ. ಇವತ್ತಾಗಿದ್ದರೆ ತನಗೆ ಕೆಲಸವೇ ಸಿಗ್ತಿರಲಿಲ್ಲ ಎಂದೂ ಹೇಳಿಕೊಂಡರು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಡಿ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಸರ್ನ್ ಪ್ರಯೋಗ ತಂಡಗಳು ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಲೇಖಕರು ಮತ್ತು ಸಂಸ್ಥೆಗಳ ಹೆಸರು. ಅದು ಸಾವಿರಾರು ಜನ ಸೇರಿ ಮಾಡಿದ ನಿಜವಾದ ಕೆಲಸ, ಸಂಶಯ ಇಲ್ಲ. ಆದರೆ ಅದಕ್ಕೆ ಬರುವ ಪ್ರತಿ ಸೈಟೇಷನ್ ಮಾಮೂಲಿ ಲೆಕ್ಕದಲ್ಲಿ ಪ್ರತಿಯೊಬ್ಬರ ಖಾತೆಗೂ ಪೂರ್ತಿ ಜಮೆಯಾಗುತ್ತದೆ.

ಹಾಗಂತ ಅಂಕಿ ದೊಡ್ಡದಿದ್ದರೆ ಮೋಸ ಅಂತ ತೀರ್ಮಾನಿಸೋದೂ ಸೋಮಾರಿತನ. ಬೆಂಗಳೂರಿನ ಸಿ.ಎನ್.ಆರ್. ರಾವ್ 1,500ಕ್ಕೂ ಹೆಚ್ಚು ಪ್ರಬಂಧಗಳ ಲೇಖಕರು, ಎಚ್-ಇಂಡೆಕ್ಸ್ 100 ದಾಟಿದವರು. ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಅವರ ಕೆಲಸದ ಬಗ್ಗೆ ಮಾತಾಡಲು ಆ ಕ್ಷೇತ್ರದವರಿಗೆ ಅಂಕಿಯ ನೆರವು ಬೇಕಿಲ್ಲ. ಹಿಗ್ಸ್‌ಗೂ ಬೇಕಿರಲಿಲ್ಲ. ಇಬ್ಬರ ವಿಷಯದಲ್ಲೂ ಕೆಲಸವನ್ನು ಓದಿದವರ ಮಾತೇ ಕೊನೆಯ ಮಾತು.

ಅಳತೆಯೇ ಗುರಿಯಾದಾಗ

ಯಾವುದೇ ಅಳತೆಯನ್ನು ಗುರಿಯನ್ನಾಗಿ ಮಾಡಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯಲ್ಲ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನ ಈ ನಿಯಮಕ್ಕೆ ಸಂಶೋಧನಾ ಲೋಕಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ ‘ಐಕ್ ಆಂಟ್‌ಕೇರ್’ ಎಂಬ ಇಲ್ಲದ ಸಂಶೋಧಕನನ್ನು ಸೃಷ್ಟಿಸಿದರು. ಸಾಫ್ಟ್‌ವೇರ್ ಬರೆದ ಅರ್ಥವಿಲ್ಲದ ನೂರು ಚಿಲ್ಲರೆ ಪ್ರಬಂಧಗಳು ಒಂದನ್ನೊಂದು ಉಲ್ಲೇಖಿಸಿದವು. ಗೂಗಲ್ ಸ್ಕಾಲರ್ ದತ್ತಾಂಶದ ಪ್ರಕಾರ ಅವನ ಎಚ್-ಇಂಡೆಕ್ಸ್ 94ಕ್ಕೆ ಏರಿತು! ಲಾಬೆ ಇದನ್ನು ಮಾಡಿದ್ದು ವ್ಯವಸ್ಥೆಯ ತೂತು ತೋರಿಸಲು. ತೂತನ್ನು ವ್ಯಾಪಾರ ಮಾಡಿಕೊಂಡವರೂ ಇದ್ದಾರೆ. ದುಡ್ಡಿಗೆ ಪ್ರಬಂಧ ತಯಾರಿಸಿ ಕೊಡುವ ‘ಪೇಪರ್ ಮಿಲ್‌’ಗಳ ಹಾವಳಿಯಿಂದಾಗಿ 2023ರಲ್ಲಿ ವೈಲಿ ಪ್ರಕಾಶನ ತನ್ನ ಹಿಂದಾವಿ ಜರ್ನಲ್‌ಗಳಿಂದ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆಯಬೇಕಾಯಿತು.

ನಮ್ಮಲ್ಲಿ ಇದಕ್ಕೆ ಸರ್ಕಾರಿ ನಿಯಮವೇ ಗೊಬ್ಬರ ಹಾಕಿತು. 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ‘ಎಪಿಐ’ ಅಂಕ ಪದ್ಧತಿ ತಂದಿತು. 2016ರ ನಿಯಮದಲ್ಲೂ ಪಿಎಚ್‌ಡಿ ಮಹಾಪ್ರಬಂಧ ಸಲ್ಲಿಸುವ ಮೊದಲು ಜರ್ನಲ್ ಪ್ರಕಟಣೆ ಕಡ್ಡಾಯವಾಗಿತ್ತು. ಅಂಕ ಬೇಕಾದವರು ಲಕ್ಷಾಂತರ, ಒಳ್ಳೆ ಜರ್ನಲ್‌ನಲ್ಲಿ ಜಾಗ ಕಡಿಮೆ. ಹಣ ಕೊಟ್ಟರೆ ವಾರದೊಳಗೆ ಹಾಕಿಕೊಡುವ ಅಂಗಡಿಗಳು ತೆರೆದುಕೊಂಡವು. ನಾನು ಓದಿದ ಕಾಲೇಜಲ್ಲೂ ಫೈನಲ್ ಇಯರ್ ಪ್ರಾಜೆಕ್ಟನ್ನೇ ಹುಡುಗರು ದುಡ್ಡು ಹಾಕಿ ‘ಅಂತಾರಾಷ್ಟ್ರೀಯ’ ಜರ್ನಲ್‌ನಲ್ಲಿ ಹಾಕಿಸೋರು; ಲೇಖಕರ ಸಾಲಲ್ಲಿ ಗೈಡ್ ಹೆಸರು ತಪ್ಪುತ್ತಿರಲಿಲ್ಲ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕೈಬಿಟ್ಟಿತು. 2022ರಲ್ಲಿ ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯ ಎಂಬ ನಿಯಮ ಹೋಯಿತು. 2025ರ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಹಿಂಪಡೆದ ಪ್ರಬಂಧಗಳಿಗೆ ಅಂಕ ಕಳೆಯುವ ಪದ್ಧತಿ ಬಂತು. ತೇಪೆ ಹಾಕ್ತಾ ಇದ್ದೀವಿ, ಆದರೆ ಬಟ್ಟೆ ಅದೇ.

ಎಣಿಸುವವರು ಯಾರು?

ರಾಜಕೀಯ ಪ್ರಶ್ನೆ ಇರೋದು ಇಲ್ಲಿ. ಜಗತ್ತು ಹೆಚ್ಚು ನಂಬುವ ಎರಡು ದತ್ತಾಂಶಗಳು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್. ಎರಡೂ ಖಾಸಗಿ ಕಂಪನಿಗಳ ಕೈಯಲ್ಲಿವೆ: ಮೊದಲನೆಯದು ಎಲ್ಸೆವಿಯರ್‌ದು, ಎರಡನೆಯದು ಕ್ಲಾರಿವೇಟ್‌ದು. ಎಲ್ಸೆವಿಯರ್ ಸ್ವತಃ ಸಾವಿರಾರು ಜರ್ನಲ್ ಪ್ರಕಟಿಸುವ ಸಂಸ್ಥೆ. ಪರೀಕ್ಷೆ ನಡೆಸೋದೂ ಮೌಲ್ಯಮಾಪನ ಮಾಡೋದೂ ಒಂದೇ ಮನೆ. ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಯನ್ನು ಓದಲು ಮತ್ತೆ ಸಾರ್ವಜನಿಕ ಹಣವನ್ನೇ ಕೊಡುತ್ತೇವೆ: ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ ತೆಗೆದಿಟ್ಟದ್ದು 6,000 ಕೋಟಿ ರೂಪಾಯಿ.

ಈ ಎಣಿಕೆಯಿಂದ ಹೊರಗೆ ಉಳಿದವರು ಯಾರು ಅಂತಲೂ ನೋಡಿ. ಸ್ಕೋಪಸ್‌ಗೆ ಒಂದು ಜರ್ನಲ್ ಸೇರಬೇಕಾದರೆ ಲೇಖನಗಳ ಶೀರ್ಷಿಕೆ, ಸಾರಾಂಶ ಇಂಗ್ಲಿಷ್‌ನಲ್ಲಿ ಇರಲೇಬೇಕು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳನ್ನು ಮುಟ್ಟದೆ ಕರ್ನಾಟಕದ ಶಾಸನ, ಸಂಸ್ಕೃತಿಯ ಬಗ್ಗೆ ಗಂಭೀರವಾಗಿ ಕೆಲಸ ಮಾಡೋಕಾಗಲ್ಲ. ಆದರೆ ಒಂದು ಕನ್ನಡ ಪುಸ್ತಕ ಇನ್ನೊಂದು ಕನ್ನಡ ಪುಸ್ತಕವನ್ನು ಅಡಿಟಿಪ್ಪಣಿಯಲ್ಲಿ ನೆನೆದರೆ ಆ ಉಲ್ಲೇಖ ಈ ಲೆಕ್ಕಕ್ಕೆ ಬರೋದೇ ಇಲ್ಲ. ಅದೇ ಅಂಕಿ ಮೇಲೆ ವಿಶ್ವವಿದ್ಯಾಲಯ ಅನುದಾನ ಹಂಚಿದರೆ, ಕನ್ನಡ ವಿಭಾಗ ಆಟ ಶುರುವಾಗುವ ಮೊದಲೇ ಔಟ್.

ಮುಂದಿನ ಸಲ ಸುದ್ದಿ ಬಂದಾಗ

‘ಶೇ. 2ರ ಪಟ್ಟಿ’ಯನ್ನೇ ತಗೊಳ್ಳಿ. ಅದು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಅಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಇಯೊಆನಿಡಿಸ್ ಮತ್ತು ಸಹೋದ್ಯೋಗಿಗಳು 2019ರಿಂದ ಸ್ಕೋಪಸ್ ದತ್ತಾಂಶದಿಂದ ತಯಾರಿಸುತ್ತಿರುವ ಪಟ್ಟಿ. ಲೇಖಕರ ಸಾಲಿನಲ್ಲಿ ಸ್ಥಾನ ಎಲ್ಲಿ, ಸಹಲೇಖಕರು ಎಷ್ಟು ಅಂತ ಪರಿಗಣಿಸುವುದರಿಂದ ಬರೀ ಎಚ್-ಇಂಡೆಕ್ಸ್‌ಗಿಂತ ಇದು ಎಷ್ಟೋ ಮೇಲು. ಸ್ವಂತ ಉಲ್ಲೇಖ ಬಿಟ್ಟು ಸಿಗುವ ಅಂಕಿಯೂ ಅದರಲ್ಲೇ ಇದೆ. ಆದರೆ ಪ್ರೆಸ್ ನೋಟ್‌ನಲ್ಲಿ ಇರಲ್ಲ.

ಆದ್ದರಿಂದ ಕೇಳಿ: ಅಂಕಿ ಯಾವ ದತ್ತಾಂಶದ್ದು? ಗೂಗಲ್ ಸ್ಕಾಲರ್ ಹೆಚ್ಚು ಬಗೆಯ ಬರಹಗಳನ್ನು ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಜಾಸ್ತಿ ಬರುತ್ತೆ. ಇಡೀ ವೃತ್ತಿಜೀವನದ ಪಟ್ಟಿಯೋ, ಒಂದು ವರ್ಷದ್ದೋ? ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದು ಎಷ್ಟು? ಹಿಂಪಡೆದ ಪ್ರಬಂಧ ಇದೆಯಾ? ಅದೇ ಕ್ಷೇತ್ರದ, ಅದೇ ವಯಸ್ಸಿನ ಇತರರದು ಎಷ್ಟು? ಕೊನೆಯದಾಗಿ, ಅವರು ಕಂಡುಕೊಂಡದ್ದನ್ನು ಮೂರು ವಾಕ್ಯದಲ್ಲಿ ಹೇಳ್ತೀರಾ?

ಸಂಶೋಧಕರನ್ನು ಜರ್ನಲ್‌ನ ಅಂಕಿಯಿಂದ ಅಳೆಯಬೇಡಿ, ಕೆಲಸವನ್ನೇ ಓದಿ ಅಳೆಯಿರಿ ಎಂಬ ಬೇಡಿಕೆ 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯಲ್ಲೇ ಇದೆ. ಓದೋಕೆ ಸಮಯ ಬೇಕು, ತಿಳಿದವರು ಬೇಕು, ಸ್ವಜನಪಕ್ಷಪಾತ ತಡೆಯುವ ಪಾರದರ್ಶಕತೆ ಬೇಕು. ಎಣಿಸೋದು ಸುಲಭ, ಅಗ್ಗ. ನಮ್ಮ ವಿಶ್ವವಿದ್ಯಾಲಯಗಳು ಅಗ್ಗದ ದಾರಿ ಹಿಡಿದಿವೆ, ಅದರ ಬೆಲೆಯನ್ನು ವಿದ್ಯಾರ್ಥಿಗಳು ಕಟ್ಟುತ್ತಿದ್ದಾರೆ. ನಿಮ್ಮ ವಿಶ್ವವಿದ್ಯಾಲಯದ ನೇಮಕಾತಿಯಲ್ಲಿ ಅಭ್ಯರ್ಥಿಯ ಪ್ರಬಂಧಗಳನ್ನು ಯಾರು ಓದಿದರು? ಈ ಪ್ರಶ್ನೆಯನ್ನು ಮಾಹಿತಿ ಹಕ್ಕಿನಡಿ ಕೇಳಲು ನಿಮಗೆ ಯಾವ ಎಚ್-ಇಂಡೆಕ್ಸೂ ಬೇಕಿಲ್ಲ.