ಷಿಲ್ಲರನ ಬೆಳ್ಳಿ ಪದಕಗಳು

ಹಳೆಯ ಜರ್ಮನ್ ಶಾಲಾ ಪದಕಗಳನ್ನು ಸಂಗ್ರಹಿಸುವವರು ಬೆಳ್ಳಿಯ ತೂಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇದನ್ನು ಕೊಟ್ಟವರು ಯಾರು? ಸ್ಟುಟ್‌ಗಾರ್ಟಿನ ಸೈನಿಕ ಅಕಾಡೆಮಿಯನ್ನೇ ನೋಡಿ. ಅದು ವ್ಯೂರ್ಟೆಂಬರ್ಗಿನ ದೊರೆ ಕಾರ್ಲ್ ಓಯ್ಗನ್ ಸ್ಥಾಪಿಸಿದ ವಿದ್ಯಾಸಂಸ್ಥೆ. 1779ರ ಡಿಸೆಂಬರ್ 14ರಂದು ಅಲ್ಲಿ ಬಹುಮಾನ ವಿತರಣೆ. ವೈದ್ಯ ವಿದ್ಯಾರ್ಥಿ ಫ್ರೀಡ್ರಿಶ್ ಷಿಲ್ಲರನಿಗೆ ಆಗ 20 ವರ್ಷ. ಬೆಳ್ಳಿ ಪದಕಗಳು ಬಂದವು. ಅತಿಥಿಗಳಲ್ಲಿ ಕವಿ ಗಯಟೆಯೂ ಇದ್ದ. ಬಹುಮಾನ ಪಡೆದ ಕುಲೀನರ ಮಕ್ಕಳು ದೊರೆಯ ಕೈಗೆ ಮುತ್ತಿಡಬೇಕು. ಷಿಲ್ಲರನಂಥ ಸಾಮಾನ್ಯರ ಮಕ್ಕಳಿಗೆ ಅಂಗಿಯ ಅಂಚೇ ಗತಿ! ಜಾಣತನಕ್ಕೆ ಸಂದ ಪದಕದಲ್ಲೂ ಹುಟ್ಟಿನ ಲೆಕ್ಕ ತಪ್ಪಲಿಲ್ಲ. ಮುಂದೆ ಷಿಲ್ಲರ್ ನಾಟಕಕಾರನಾದ. 1782ರಲ್ಲಿ, ತನ್ನ ನಾಟಕಕ್ಕಾಗಿ ಅಪ್ಪಣೆಯಿಲ್ಲದೆ ಮನ್‌ಹೈಮಿಗೆ ಹೋದನೆಂದು, ಪದಕ ಕೊಟ್ಟ ದೊರೆಯೇ ಅವನನ್ನು ಸೆರೆಯಲ್ಲಿಟ್ಟ. ವೈದ್ಯಶಾಸ್ತ್ರ ಬಿಟ್ಟು ಬೇರೇನೂ ಬರೆಯಕೂಡದೆಂದ. ಅದೇ ಸೆಪ್ಟೆಂಬರಿನಲ್ಲಿ ಷಿಲ್ಲರ್ ರಾತ್ರೋರಾತ್ರಿ ಸ್ಟುಟ್‌ಗಾರ್ಟ್ ಬಿಟ್ಟ.