ಮಗ್ಗವೇ ಮದ್ದಾದ ಕಥೆ

ಮಾಲೇಗಾಂವದ ಹಾದಿಯಲ್ಲಿ ಓಡಾಡಿದ ನಮಗೆಲ್ಲ ಅಲ್ಲಿನ ವಿದ್ಯುತ್ ಮಗ್ಗಗಳ ಸದ್ದು ಪರಿಚಿತ. ಅಲ್ಲಿ ಮಗ್ಗವೆಂದರೆ ಹೊಟ್ಟೆಪಾಡು. ಆದರೆ ಒಂದನೆಯ ಮಹಾಯುದ್ಧದ ಕಾಲದಲ್ಲಿ ಪಶ್ಚಿಮ ದೇಶಗಳಲ್ಲಿ ಮಗ್ಗವೇ ಮದ್ದಾಯಿತು. ಗಾಯಗೊಂಡ ಸೈನಿಕರ ಕೈಗೆ ಬಲ ಮರಳಲೆಂದು ಅವರಿಂದ ನೇಯಿಸುತ್ತಿದ್ದರು. ಕಸುಬಿನಿಂದಲೇ ಗುಣಪಡಿಸುವ ಈ ವಿದ್ಯೆಗೆ ಆಕ್ಯುಪೇಶನಲ್ ಥೆರಪಿ ಎಂದು ಹೆಸರು.

ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತೆರೆದವರು ಕಮಲಾ ನಿಂಬ್‌ಕರ್, ಅಮೆರಿಕದಲ್ಲಿ ಹುಟ್ಟಿ ಈ ನಾಡಿನ ಸೊಸೆಯಾಗಿ ಬಂದವರು. ಪೋಲಿಯೋ ಕಾಡುತ್ತಿದ್ದ ದಿನಗಳವು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಲ್ಲಿಯೇ ಫಿಸಿಯೋಥೆರಪಿ ಶಾಲೆಯೂ ಆರಂಭವಾಯಿತು. ನಮ್ಮ ಮೈಸೂರಿಗೆ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. 1998ರಲ್ಲಿ ನಾಸಿಕದಲ್ಲಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಈ ವಿದ್ಯೆಗಳ ಪದವಿಗಳೂ ಅದರ ಆಶ್ರಯಕ್ಕೆ ಬಂದವು. ಮಾಲೇಗಾಂವಕ್ಕೆ ಅದು ಸ್ವಂತ ಜಿಲ್ಲೆಯ ವಿಶ್ವವಿದ್ಯಾಲಯ.

ನಾವಾದರೋ ಮಕ್ಕಳು ಡಾಕ್ಟರು, ಇಲ್ಲವೇ ಇಂಜಿನಿಯರು ಆಗಲೆಂದು ಹಟ ಹಿಡಿಯುತ್ತೇವೆ. ಮಗಳು ಫಿಸಿಯೋಥೆರಪಿ ಓದುತ್ತೇನೆಂದರೆ, “ಮಾಲೀಶು ಮಾಡಲು ಕಾಲೇಜೇ?” ಎಂದು ಮೂಗು ಮುರಿಯುತ್ತೇವೆ. ಪಾರ್ಶ್ವವಾಯು ಬಡಿದ ಅಜ್ಜನನ್ನು ಮತ್ತೆ ನಡೆಸುವವರು, ಸ್ವಂತ ಕೈಯಿಂದ ತುತ್ತು ಎತ್ತಿಸುವವರು, ಮಾತು ಕಲಿಸುವವರು ಇವರೇ ಅಲ್ಲವೇ? ಆ ಮೂಗು ಮುರಿತಕ್ಕೂ ಮದ್ದು ಬೇಕು. ಅದನ್ನು ನಾವೇ ಮಾಡಿಕೊಳ್ಳಬೇಕು.